ಪ್ರತಿ: ಹುತಾತ್ಮರಾದ ಹಳೆ ವಿದ್ಯಾರ್ಥಿಯ ಹೆಸರು ಯುದ್ಧ ಸ್ಮಾರಕದ ಪಟ್ಟಿಯಲ್ಲಿ ಸಿಗುತ್ತಿಲ್ಲ, ಕಾಲೇಜಿನ ಫಲಕಕ್ಕೆ ಏನು ಮಾಡುವುದು?

ಹೆಚ್ಚಾಗಿ ಇದು ಇನಿಶಿಯಲ್ ಸಮಸ್ಯೆ. ನಮ್ಮ ಕರಾವಳಿಯಲ್ಲಿ ಅದು ಊರಿನದ್ದೋ, ಮನೆತನದ್ದೋ, ಅಪ್ಪನದ್ದೋ ಇರುತ್ತದೆ. ಕಾಲೇಜು ರಿಜಿಸ್ಟರಿನಲ್ಲಿ ಒಂದು ಥರ, ಸೇನೆಯ ದಾಖಲೆಯಲ್ಲಿ ಅದನ್ನೇ ಬಿಡಿಸಿ ಇನ್ನೊಂದು ಥರ. ನಿಮ್ಮದೂ ಇದೇ ಅಂತ ಪಕ್ಕಾ ಹೇಳಲಾರೆ, ಆದರೆ ಮೊದಲು ಇದನ್ನೇ ನೋಡಿ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟಿನಲ್ಲಿ ಇನಿಶಿಯಲ್ ಬಿಟ್ಟು ಬರೀ ಹೆಸರು ಹಾಕಿ ಹುಡುಕಿ. ಡಿಸೋಜ ಆದರೆ ಇಂಗ್ಲಿಷಿನ ಡಿ ಆದ ಮೇಲೆ ಅಪಾಸ್ಟ್ರಫಿ (') ಚಿಹ್ನೆ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ, ನಡುವೆ ಜಾಗ ಕೊಟ್ಟು ಇನ್ನೊಮ್ಮೆ. ಹೆಗ್ಡೆ, ಪೈಗಳಿಗೂ ಹೀಗೇ ಎರಡು ಮೂರು ಸ್ಪೆಲ್ಲಿಂಗ್ ಇದೆ ಅಲ್ವಾ.

ಅಲ್ಲಿರುವುದು ಸ್ವಾತಂತ್ರ್ಯದ ನಂತರ ಯುದ್ಧ, ಕಾರ್ಯಾಚರಣೆಗಳಲ್ಲಿ ಮಡಿದವರ ಹೆಸರು. ಎರಡನೇ ಮಹಾಯುದ್ಧದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿ ನೋಡಿ. ಸ್ವಾತಂತ್ರ್ಯದ ನಂತರ ಸೇವೆಯಲ್ಲಿದ್ದಾಗ ಕಾಯಿಲೆಯಿಂದ ತೀರಿಕೊಂಡವರು ದೆಹಲಿಯ ಸ್ಮಾರಕದ ಪಟ್ಟಿಯಲ್ಲಿ ಸಿಗದೆ ಇರಬಹುದು. ಅವರನ್ನು ಸುಮ್ನೆ ಕೈಬಿಡಬೇಡಿ, ಅವರೂ ಸಮವಸ್ತ್ರದಲ್ಲೇ ಹೋದವರು.

ಆಗಲೂ ಸಿಗದಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಯಿರಿ. ತಂದೆಯ ಹೆಸರು, ಊರು, ಓದಿದ ವರ್ಷ ಇರಲಿ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಕಾರ್ಕಳ, ಕುಂದಾಪುರದವರನ್ನು ದಕ್ಷಿಣ ಕನ್ನಡದಲ್ಲೇ ಹುಡುಕಲು ಕೇಳಿ. ಪದವಿಯ ದಾಖಲೆ ಬೇಕಿದ್ದರೆ ಮಂಗಳೂರು ವಿವಿ ಶುರುವಾದದ್ದೇ 1980ರಲ್ಲಿ, ಅದಕ್ಕೂ ಮುಂಚೆ ಮೈಸೂರು ವಿವಿ, 1956ಕ್ಕೂ ಹಿಂದಿನದು ಮದ್ರಾಸ್.

ಕಲ್ಲಿನಲ್ಲಿ ಕೆತ್ತಿಸುವ ಮೊದಲು ಹೆಸರು, ರ‍್ಯಾಂಕ್, ರೆಜಿಮೆಂಟ್ ಬರೆದ ಹಾಳೆಯನ್ನು ಮನೆಯವರಿಗೆ ತೋರಿಸಿ, ಅವರ ಒಪ್ಪಿಗೆಯ ಸಹಿ ತೆಗೆದುಕೊಳ್ಳಿ. ಮನೆ ಎಲ್ಲಿ ಅಂತ ಗೊತ್ತಿಲ್ಲದಿದ್ದರೆ ಅದೇ ಕಚೇರಿಯ ಮೂಲಕ ಹಾಳೆ ಕಳಿಸಿ.