ಓದುಗರ ಪ್ರಶ್ನೆ: ನೀರಿನ ಮೇಲೆ ಲೀಟರಿಗೆ ಎಷ್ಟು ಕಿಲೋಮೀಟರ್?

ಪ್ರಶ್ನೆ: ಮೆರೈನ್ ಪ್ಲೈವುಡ್, ಎಪಾಕ್ಸಿ ಬಳಸಿ ಮನೆಯ ಶೆಡ್ಡಿನಲ್ಲೇ ಪುಟ್ಟ ಕ್ಯಾಬಿನ್ ಇರುವ 19 ಅಡಿಯ ಬೋಟ್ ಕಟ್ಟುತ್ತಿದ್ದೇನೆ. ನೀರಿಗೆ ತಾಗುವ ಉದ್ದ 18 ಅಡಿ. ತಳ ದುಂಡಗಿದೆ, ಹಿಂದಕ್ಕೆ ಹೋದಂತೆ ಮೇಲೇಳುತ್ತದೆ. ನಾಲ್ಕು ಜನ, ಸಾಮಾನು, ಪೆಟ್ರೋಲ್ ಸೇರಿ 1,200 ಕೆ.ಜಿ. ಆದೀತು. ಟ್ರೇಲರ್ ಮೇಲೆ ಒಯ್ದು ಶರಾವತಿ ಹಿನ್ನೀರು, ಕೇರಳದ ವೇಂಬನಾಡ್ ಕಡೆ ಓಡಿಸುವ ಆಸೆ. 25 ಎಚ್‌ಪಿ ಹಾಕಿಸಿ ಅನ್ನುವವರಿದ್ದಾರೆ, 5 ಸಾಕು ಅನ್ನುವವರೂ ಇದ್ದಾರೆ. ಮೈಲೇಜ್ ಯಾವುದಕ್ಕೆ ಚೆನ್ನಾಗಿ ಬರುತ್ತದೆ?
– ಓದುಗರೊಬ್ಬರು, ಯಲಹಂಕ

ಉತ್ತರ: ಎಚ್‌ಪಿ ಮಾತು ಆಮೇಲೆ, ಮೊದಲು ವೇಗ. ನಿಮ್ಮಂಥ ತಳದ ಬೋಟು ನೀರಿನ ಮೇಲೆ ಜಾರುವುದಿಲ್ಲ, ನೀರನ್ನು ಸರಿಸಿಕೊಂಡೇ ಸಾಗಬೇಕು. ಅದಕ್ಕೊಂದು ಮಿತಿ ಇದೆ: ನೀರಿಗೆ ತಾಗುವ ಉದ್ದದ (ಅಡಿಗಳಲ್ಲಿ) ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. 18 ಅಡಿಗೆ 5.7 ನಾಟ್, ಅಂದರೆ ಗಂಟೆಗೆ 10.5 ಕಿ.ಮೀ. ಅದರಾಚೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು. ಹಿಂಭಾಗ ಕುಸಿಯುತ್ತದೆ, ಸುಟ್ಟ ಪೆಟ್ರೋಲೆಲ್ಲ ಅಲೆಗೇ ಹೋಗುತ್ತದೆ. 25 ಎಚ್‌ಪಿ ಎಂಜಿನ್ ಇದನ್ನು ಬದಲಿಸುವುದಿಲ್ಲ. ಅದರ ತೂಕ ಹಿಂಬದಿಯನ್ನು ಇನ್ನಷ್ಟು ಮುಳುಗಿಸುತ್ತದೆ, ಅಷ್ಟೇ.

1,200 ಕೆ.ಜಿ.ಯನ್ನು 10.5 ಕಿ.ಮೀ. ವೇಗದಲ್ಲಿ ತಳ್ಳಲು ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸುಮಾರು 5 ಎಚ್‌ಪಿ ಬೇಕು. 8 ಕಿ.ಮೀ. ವೇಗಕ್ಕೆ ಸುಮಾರು 2.3 ಸಾಕು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಮೊದಲನೆಯದು ಗಂಟೆಗೆ 2 ಲೀಟರಿನ ಆಸುಪಾಸು ಕುಡಿದರೆ, ಎರಡನೆಯದು 1 ಲೀಟರ್. ಲೀಟರಿಗೆ 5 ಕಿ.ಮೀ. ಇದ್ದದ್ದು ಏಳೂವರೆ, ಎಂಟಾಗುತ್ತದೆ. ಯಾವ ಬ್ರ್ಯಾಂಡ್ ಬದಲಿಸಿದರೂ ಇಷ್ಟು ಉಳಿತಾಯ ಸಿಗುವುದಿಲ್ಲ.

ಹಾಗೆಂದು 5 ಎಚ್‌ಪಿ ತರಬೇಡಿ. ಎದುರುಗಾಳಿ ಬಂದಾಗ ಅದರಲ್ಲಿ ಮಿಗುವುದು ಏನೂ ಇರುವುದಿಲ್ಲ. ನಿಮಗೆ ಸರಿಹೊಂದುವುದು 8ರಿಂದ 10 ಎಚ್‌ಪಿ. ಅದರಲ್ಲೂ ಭಾರ ತಳ್ಳಲೆಂದೇ ಮಾಡಿದ ಹೈ-ಥ್ರಸ್ಟ್ ಮಾದರಿ ನೋಡಿ. ಯಮಹಾ ಎಫ್9.9ರ ಗೇರ್ ಅನುಪಾತ (ಪ್ರೊಪೆಲ್ಲರ್ ಒಂದು ಸುತ್ತು ತಿರುಗಲು ಎಂಜಿನ್ ತಿರುಗಬೇಕಾದ ಸುತ್ತು) 2.08 ಇದ್ದರೆ ಅದೇ ಕಂಪನಿಯ ಹೈ-ಥ್ರಸ್ಟ್ ಟಿ9.9ರದ್ದು 2.92. ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗಿದಾಗ ಟಿ9.9ರ ಪ್ರೊಪೆಲ್ಲರ್ ಸುಮಾರು 1,880 ಸುತ್ತು ತಿರುಗುತ್ತದೆ. ಪಿಚ್, ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ, 6 ಇಂಚು ಇದ್ದರೆ ಲೆಕ್ಕಕ್ಕೆ ಗಂಟೆಗೆ 17 ಕಿ.ಮೀ., ಭಾರದ ದೋಣಿಯಲ್ಲಿ ಪ್ರೊಪೆಲ್ಲರ್ ನೀರಿನಲ್ಲಿ ಜಾರಿ ಮಾಮೂಲಿಯಾಗಿ ಆಗುವ ಶೇ. 40 ನಷ್ಟ ಕಳೆದರೆ 10. ನಿಮ್ಮ ತಳದ ಮಿತಿಗೆ ಸರಿಯಾಗಿ ಕೂರುತ್ತದೆ. ಸಣ್ಣ ಬ್ಲೇಡಿನ, ಹೆಚ್ಚು ಪಿಚ್ಚಿನ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಸುತ್ತು ಏರುವುದೇ ಇಲ್ಲ.

ಪೂರ್ತಿ ಲೋಡ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಟ್ಯಾಕೋಮೀಟರ್ (ಎಂಜಿನ್ನಿನ ಸುತ್ತು ತೋರಿಸುವ ಮೀಟರ್) ನೋಡಿ. ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಬರದಿದ್ದರೆ ಪಿಚ್ ಇಳಿಸಿ. ಒಂದು ಇಂಚಿಗೆ 150–200 ಸುತ್ತು ಏರುತ್ತದೆ. ಈ ಪರೀಕ್ಷೆಯನ್ನು ಬೆಂಗಳೂರಿನ ಸುತ್ತಮುತ್ತ ಮಾಡಿ ನಂಬಬೇಡಿ. 900 ಮೀಟರ್ ಎತ್ತರದಲ್ಲಿ ಎಂಜಿನ್ ಶೇ. 9–10ರಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಲಿಂಗನಮಕ್ಕಿಯ ತುಂಬಿದ ಮಟ್ಟವೇ 554 ಮೀಟರ್, ವೇಂಬನಾಡ್ ಇರುವುದು ಸಮುದ್ರ ಮಟ್ಟದಲ್ಲಿ.

ಎಂಜಿನ್ ಕೂರಿಸುವ ಹಿಂಬದಿ ಹಲಗೆಯ ಎತ್ತರ ಈಗಲೇ ಅಳೆಯಿರಿ. 38 ಸೆಂ.ಮೀ. ಇದ್ದರೆ ಶಾರ್ಟ್ ಶಾಫ್ಟ್, 51 ಇದ್ದರೆ ಲಾಂಗ್. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆ ದೋಣಿಯ ತಳಕ್ಕೆ ಸಮನಾಗಿ, ಇಲ್ಲವೇ 2–3 ಸೆಂ.ಮೀ. ಕೆಳಗಿರಬೇಕು. ಮೇಲಿದ್ದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ. ಇನ್ನು ಕಾಗದಪತ್ರ: 2021ರ ಒಳನಾಡು ನೌಕೆಗಳ ಕಾಯ್ದೆಯ ನೋಂದಣಿ ಒಂದು, ಜಲಾಶಯಕ್ಕೆ ಇಳಿಸಲು ಅಣೆಕಟ್ಟೆಯವರ ಅನುಮತಿ ಇನ್ನೊಂದು. ಎಂಜಿನ್ನಿಗೆ ದುಡ್ಡು ಕೊಡುವ ಮುಂಚೆ ಎರಡನ್ನೂ ವಿಚಾರಿಸಿ.

ಪ್ರಶ್ನೆ: ಮಲ್ಪೆಯಲ್ಲಿ ನಾಡದೋಣಿಗೆ ಬಳಸಿದ ಸೀಮೆಎಣ್ಣೆ ಎಂಜಿನ್ ಅಗ್ಗಕ್ಕೆ ಬರುತ್ತಿದೆ. ತರಬಹುದೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಬೇಡ. ರಿಯಾಯಿತಿ ದರದ ಸೀಮೆಎಣ್ಣೆ ಪರವಾನಗಿ ಇರುವ ಮೀನುಗಾರರಿಗೆ ಸಿಗುತ್ತದೆ, ವಿಹಾರದ ಬೋಟಿಗಲ್ಲ. ಆ ಎಂಜಿನ್ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವ ಟು-ಸ್ಟ್ರೋಕ್. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರದಿದ್ದರೆ ಮರುದಿನ ಹಗ್ಗ ಎಳೆದೂ ಎಳೆದೂ ಕೈ ಸೋಲುತ್ತದೆ. ಕಾರ್ಬ್ಯುರೇಟರಿನ ಹಳೆಯ ಪೆಟ್ರೋಲ್ ಟು-ಸ್ಟ್ರೋಕ್ ಕೂಡ ಮೈಲೇಜಿಗೆ ಒಗ್ಗುವುದಿಲ್ಲ. ಒಳಬರುವ ಮಿಶ್ರಣದ ಒಂದು ಪಾಲು, ಕೆಲವೊಮ್ಮೆ ಕಾಲು ಭಾಗದವರೆಗೂ, ಉರಿಯದೆಯೇ ಎಕ್ಸಾಸ್ಟಿನಲ್ಲಿ ಹೊರಬೀಳುತ್ತದೆ. ಜೊತೆಗೆ 50:1ರ ಲೆಕ್ಕದಲ್ಲಿ ಲೀಟರಿಗೆ 20 ಮಿ.ಲೀ. ಆಯಿಲ್ ಬೇರೆ.

ಹಳೆಯದೇ ಬೇಕಾದರೆ ಫೋರ್-ಸ್ಟ್ರೋಕ್ ನೋಡಿ. ಗೇರ್ ಆಯಿಲ್ ಸ್ವಲ್ಪ ಇಳಿಸಿ: ಹಾಲು ಬೆರೆಸಿದ ಬಣ್ಣವಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಎರಡು ಸಿಲಿಂಡರ್‌ಗಳ ಕಂಪ್ರೆಷನ್‌ನಲ್ಲಿ (ಒಳಗಿನ ಒತ್ತಡದಲ್ಲಿ) ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಸ್ಟಾರ್ಟ್ ಮಾಡಿಸಿ. ಒಣಗಿದ್ದಾಗ ಓಡಿಸಿದರೆ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಕ್ಷಣದಲ್ಲಿ ಹಾಳು.

ಪ್ರಶ್ನೆ: ನನ್ನ 8 ಎಚ್‌ಪಿ ಎಂಜಿನ್ ಇಪ್ಪತ್ತು ನಿಮಿಷ ಓಡಿ ನಿಂತುಬಿಡುತ್ತದೆ. ಪ್ರೈಮರ್ ಬಲ್ಬ್ ಒತ್ತಿದರೆ ಮತ್ತೆ ಶುರು.
– ಓದುಗರೊಬ್ಬರು, ಕೆಂಗೇರಿ

ಉತ್ತರ: ನಿಂತ ಕೂಡಲೇ ಬಲ್ಬ್, ಅಂದರೆ ಪೆಟ್ರೋಲ್ ಪೈಪಿನ ನಡುವಿನ ಕೈಯಿಂದ ಒತ್ತುವ ರಬ್ಬರ್ ಉಂಡೆ, ಮುಟ್ಟಿ ನೋಡಿ. ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿದ್ದರೆ ತೊಂದರೆ ಟ್ಯಾಂಕಿನ ಕಡೆ: ಮುಚ್ಚಳದ ಗಾಳಿ ಸ್ಕ್ರೂ ತೆರೆದಿರುವುದಿಲ್ಲ, ಅಥವಾ ಹೀರುಕೊಳವೆಯ ಜಾಲರಿ ಕಟ್ಟಿರುತ್ತದೆ. ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಬಲ್ಬಿನ ವಾಲ್ವ್ ಹೋಗಿದೆ, ಇಲ್ಲವೇ ಕನೆಕ್ಟರಿನ ಓ-ರಿಂಗ್ ಸವೆದು ಗಾಳಿ ಎಳೆಯುತ್ತಿದೆ. ಬಲ್ಬ್ ಸರಿಯಿದ್ದೂ ನಿಲ್ಲುವುದಾದರೆ ಎಂಜಿನ್ನಿನ ಫ್ಯುಯೆಲ್ ಪಂಪ್ ಬಿಚ್ಚಿಸಿ.

ಪೈಪ್ ಹಳೆಯದಾಗಿದ್ದರೆ ಬದಲಿಸಿ, ಆದರೆ ಜೆ.ಸಿ. ರಸ್ತೆಯಲ್ಲಿ ಕೈಗೆ ಸಿಕ್ಕ ಪೈಪ್ ಬೇಡ, ಎಥೆನಾಲ್ ತಡೆಯುವ ಮೆರೈನ್ ಪೈಪೇ ಆಗಲಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಬಹುತೇಕ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್) ಕೈಪಿಡಿಗಳು ಶೇ. 10 ಎಥೆನಾಲ್‌ವರೆಗೆ ಮಾತ್ರ ಒಪ್ಪುತ್ತವೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಮಿತಿ ಮೀರಿದರೆ ನೀರು-ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಎಂಜಿನ್ ಮೊದಲು ಎಳೆಯುವುದು ಅದನ್ನೇ. ಹಾಗಾಗಿ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿ. ವಾರಗಟ್ಟಲೆ ಬೋಟ್ ಇಳಿಸದಿದ್ದರೆ ಪೈಪ್ ಕಳಚಿ, ಕಾರ್ಬ್ಯುರೇಟರ್ ಖಾಲಿಯಾಗುವವರೆಗೆ ಡ್ರಮ್ಮಿನಲ್ಲಿ ಓಡಿಸಿ, ಟ್ಯಾಂಕಿನ ಪೆಟ್ರೋಲನ್ನು ಸ್ಕೂಟರಿಗೆ ಹಾಕಿಕೊಳ್ಳಿ.