1952ರ ಹೆಲ್ಸಿಂಕಿ ಬಾಕ್ಸಿಂಗ್: ಕಂಚಿನ ಗೊಂದಲ

ಪುಣೆಯ ನಿಮ್ಮ ಸೊಸೈಟಿಯ ರಾಜ್ಯೋತ್ಸವ ಕ್ವಿಜ್‌ಗೆ ನೀವು ನೋಡಿದ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಎರಡು ಬಾಕ್ಸಿಂಗ್ ಪದಕಪಟ್ಟಿಗಳಲ್ಲಿ ಕಂಚಿನ ಲೆಕ್ಕ ಏಕೆ ಹೊಂದುತ್ತಿಲ್ಲ ಎಂದು ಕೇಳಿದ್ದೀರಿ. ಅವುಗಳಲ್ಲಿ ಒಂದು 1970ಕ್ಕಿಂತ ಹಳೆಯದಿರಬೇಕು. ಹೆಲ್ಸಿಂಕಿಯಲ್ಲಿ ಕಂಚಿಗಾಗಿ ಸೆಣಸಾಟ ನಡೆಯಲೇ ಇಲ್ಲ. ಸೆಮಿಫೈನಲ್‌ನಲ್ಲಿ ಸೋತವರಿಗೆ ಆಗ ಪದಕವನ್ನೂ ಕೊಡಲಿಲ್ಲ. 1970ರಲ್ಲಿ ಅವರೆಲ್ಲರಿಗೂ ಕಂಚು ಮಂಜೂರಾಯಿತು. ಹಾಗಾಗಿ ಒಂದರಲ್ಲಿ ಕಂಚೇ ಇಲ್ಲ, ಇನ್ನೊಂದರಲ್ಲಿ ಪ್ರತಿ ತೂಕ ವಿಭಾಗಕ್ಕೆ ಎರಡೆರಡು. ಪಟ್ಟಿಯಿರುವ ನಿಮ್ಮ ಪುಸ್ತಕ ನೋಡದೆ ಹೇಳುತ್ತಿದ್ದೇನೆ, ಮೊದಲು ಅದರ ಮುದ್ರಣದ ವರ್ಷ ನೋಡಿ.

ಆಮೇಲೆ ಹೆವಿವೇಟ್ (ಅತಿ ಹೆಚ್ಚು ತೂಕದವರ ವಿಭಾಗ) ಸಾಲಿಗೆ ಬನ್ನಿ. ಚಿನ್ನ ಅಮೆರಿಕದ ಎಡ್ ಸ್ಯಾಂಡರ್ಸ್‌ಗೆ. ಫೈನಲ್‌ನಲ್ಲಿ ಸ್ವೀಡನ್ನಿನ ಇಂಗೆಮಾರ್ ಯೊಹಾನ್ಸನ್ ಕೈ ಎತ್ತದೆ ರಿಂಗಿನ ಸುತ್ತ ಹಿಂದೆ ಸರಿಯುತ್ತಲೇ ಇದ್ದರೆಂದು ಅನರ್ಹಗೊಳಿಸಿ, ಬೆಳ್ಳಿಯನ್ನೂ ತಡೆಹಿಡಿದರು. ಅದೇ ಮನುಷ್ಯ 1959ರಲ್ಲಿ ವೃತ್ತಿಪರ ವಿಶ್ವ ಹೆವಿವೇಟ್ ಚಾಂಪಿಯನ್! ಬೆಳ್ಳಿ ಕೈಸೇರಿದ್ದು 1982ರಲ್ಲಿ. ಬೆಳ್ಳಿಯ ಜಾಗ ಖಾಲಿಯಿದ್ದರೆ ಪಟ್ಟಿ ಹಳೆಯದೇ, ಅದನ್ನು ಬದಿಗಿಡಿ.

1948ರ ಲಂಡನ್‌ಗೆ ಒಂದೇ ಕಂಚು ಬರೆಯಿರಿ, ಆಗ ಮೂರನೇ ಸ್ಥಾನಕ್ಕೂ ಕಾದಾಟವಿತ್ತು. 1952ರಿಂದ ಈಚೆಗೆ ಎರಡು. ಭಾರತದ ಬಾಕ್ಸರ್‌ಗಳಲ್ಲಿ 2008ರಲ್ಲಿ ವಿಜೇಂದರ್, 2012ರಲ್ಲಿ ಮೇರಿ ಕೋಮ್, ಟೋಕಿಯೊದಲ್ಲಿ ಲವ್ಲೀನಾ, ಮೂವರೂ ಸೆಮಿಫೈನಲ್ ಸೋತೇ ಕಂಚು ಪಡೆದವರು. ಅದಕ್ಕೇ ರಾಜ್ಯೋತ್ಸವದ ಕ್ವಿಜ್‌ನಲ್ಲಿ "ಕಂಚಿಗಾಗಿ ಯಾರನ್ನು ಸೋಲಿಸಿದರು?" ಅಂತ ಮಾತ್ರ ಕೇಳಬೇಡಿ, ಪುಣೆಯ ಸೊಸೈಟಿ ಸಭಾಂಗಣದಲ್ಲೇ ಬಾಕ್ಸಿಂಗ್ ಶುರುವಾದೀತು. "ಸೆಮಿಫೈನಲ್‌ನಲ್ಲಿ ಯಾರಿಗೆ ಸೋತರು?" ಎಂದು ಬದಲಿಸಿ. ಮೇರಿ ಕೋಮ್ ಪ್ರಶ್ನೆಗೆ ಉತ್ತರ ಬ್ರಿಟನ್ನಿನ ನಿಕೋಲಾ ಆಡಮ್ಸ್.