ಫೋನಿನಲ್ಲಿ ಜನ ಕೇಳಿದ್ದೇ ವೆಬ್‌ಸೈಟಿಗೆ ಬೇಕಾದದ್ದು

ಈ ಸಲ ಬಂದ ಪ್ರಶ್ನೆಗಳನ್ನು ಓದುತ್ತಾ ಹೋದರೆ ಎಲ್ಲರ ಸಂಕಟವೂ ಹೆಚ್ಚುಕಡಿಮೆ ಒಂದೇ. ವೆಬ್‌ಸೈಟ್ ಮಾಡಿಸುವಾಗ ಹುರುಪು ಇತ್ತು, ದುಡ್ಡೂ ಹೋಯಿತು. ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ. ಯುಗಾದಿ ಬಂದರೂ ದೀಪಾವಳಿ ಆಫರ್ ಬ್ಯಾನರ್ ಹಾಗೇ ಇದೆ. ನಾನು ನಗುವ ಹಾಗಿಲ್ಲ ಬಿಡಿ. ನಮ್ಮ ಆಫೀಸು ಬೇರೆ ಕಡೆ ಹೋದ ಮೇಲೂ ನನ್ನ ವೆಬ್‌ಸೈಟಿನಲ್ಲಿ ಹಳೇ ವಿಳಾಸ ಎಂಟು ತಿಂಗಳು ಇತ್ತು. ಕೊರಿಯರ್ ಹುಡುಗ ಎರಡು ಸಲ ಸುತ್ತಿ ಬಂದು ಬೈದಾಗಲೇ ನನಗೆ ಗೊತ್ತಾದದ್ದು.

ಪ್ರಶ್ನೆ: ಮೇಡಂ, ಶಿರಸಿ ಹತ್ತಿರ ನಮ್ಮದು ನಾಲ್ಕು ಕೋಣೆಯ ಹೋಮ್‌ಸ್ಟೇ. ವೆಬ್‌ಸೈಟ್ ‘ಫ್ರೆಶ್’ ಆಗಿ ಇಡಬೇಕು, ವಾರಕ್ಕೆ ಎರಡು ಲೇಖನ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೀರಿ ಎಂದು ಒಬ್ಬರು ಹೇಳಿ, ತಿಂಗಳಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದಾರೆ. ‘ಮಲೆನಾಡಿನ ಸೊಬಗು’ ಅಂತ ಇಪ್ಪತ್ತು ಲೇಖನ ಆಯಿತು. ಬುಕಿಂಗ್ ಮಾತ್ರ ಇದ್ದಷ್ಟೇ ಇದೆ. ಮುಂದುವರಿಸಬೇಕಾ?

ಬೇಡ. ಈ ತಿಂಗಳೇ ನಿಲ್ಲಿಸಿ.

ಗೂಗಲ್ ಹೊಸತನ್ನು ಇಷ್ಟಪಡುತ್ತದೆ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಕ್ರಿಕೆಟ್ ಸ್ಕೋರು, ರಸ್ತೆ ಬಂದ್ ಆದ ಸುದ್ದಿ, ಪರೀಕ್ಷೆ ಫಲಿತಾಂಶ ಹುಡುಕಿದವರಿಗೆ ಇವತ್ತಿನದೇ ಬೇಕು. ‘ಶಿರಸಿ ಹೋಮ್‌ಸ್ಟೇ’ ಎಂದು ಹುಡುಕಿದವರಿಗೆ ನಿನ್ನೆ ಬರೆದ ಲೇಖನ ಯಾಕೆ ಬೇಕು? ಅವರಿಗೆ ಬೇಕಾದದ್ದು ಕೋಣೆ, ಊಟ, ದಾರಿ, ರೇಟು. ಒಳಗಿನ ವಿಷಯ ಬದಲಾಗದೆ ತಾರೀಕು ಮಾತ್ರ ಬದಲಿಸಿ ಪುಟವನ್ನು ಹೊಸದರಂತೆ ತೋರಿಸಬೇಡಿ ಎಂದು ಗೂಗಲ್ಲೇ ತನ್ನ ಸೂಚನೆಗಳಲ್ಲಿ ಎಚ್ಚರಿಸಿದೆ. ಸುಮ್ನೆ ಪುಟ ತುಂಬಿಸುವುದೂ ಅದೇ ಜಾತಿಯ ಕೆಲಸ.

ಅದರ ಬದಲು ನೂರು ಪುಟದ ಒಂದು ನೋಟ್‌ಬುಕ್ ತಂದು ಫೋನಿನ ಪಕ್ಕ ಇಡಿ. ಒಂದು ತಿಂಗಳು, ಬುಕಿಂಗ್‌ಗೆ ಕರೆ ಮಾಡಿದವರು ಏನು ಕೇಳಿದರು ಎಂದು ಗೀಚಿಕೊಳ್ಳಿ. ನೀವು ಕೊಟ್ಟ ಉತ್ತರ ಬೇಡ, ಪ್ರಶ್ನೆ ಮಾತ್ರ. ನಿಮ್ಮ ಕಡೆಯ ಇನ್ನೊಂದು ಹೋಮ್‌ಸ್ಟೇಯವರ ಹತ್ತಿರ ಹೀಗೆ ಬರೆಸಿದ್ದೆ. ಬಂದದ್ದು ಇವು: ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಕಾರು ಮನೆ ಬಾಗಿಲವರೆಗೆ ಬರುತ್ತಾ? ಮಳೆಗಾಲದಲ್ಲಿ ಉಂಬಳ ಎಷ್ಟಿರುತ್ತೆ? ಅಜ್ಜಿಗೆ ಮೆಟ್ಟಿಲು ಹತ್ತಲು ಆಗಲ್ಲ, ಕೆಳಗಿನ ಕೋಣೆ ಇದೆಯಾ? ಜೈನರ ಅಡುಗೆ ಮಾಡಿಕೊಡ್ತೀರಾ? ಕುಮಟಾ ಕಡೆಯಿಂದ ಬಂದರೆ ದೇವಿಮನೆ ಘಟ್ಟದಲ್ಲಿ ವಾಹನ ಬಿಡ್ತಿದ್ದಾರಾ?

ಅವರ ವೆಬ್‌ಸೈಟಿನಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಮಾತ್ರ ಮೂರು ಕಡೆ ಇತ್ತು.

ಆ ಪ್ರಶ್ನೆಗಳಿಗೆ ನೀವು ಫೋನಿನಲ್ಲಿ ಹೇಳುವ ಹಾಗೆಯೇ ಉತ್ತರ ಬರೆದು ಹಾಕಿ. ಉಂಬಳ ಇಲ್ಲ ಎಂದು ಮಾತ್ರ ಬರೆಯಬೇಡಿ! ಜೂನ್‌ನಿಂದ ಇರುತ್ತೆ, ಉಪ್ಪು, ಸುಣ್ಣ ನಾವೇ ಕೊಡ್ತೇವೆ ಎಂದು ಬರೆಯಿರಿ. ಅದನ್ನು ಓದಿ ಹೆದರುವವರು ಬಂದ ಮೇಲೂ ಹೆದರುವವರೇ. ಅವರು ಬರದಿದ್ದರೆ ನಿಮಗೂ ನೆಮ್ಮದಿ, ಅಲ್ವಾ?

ನಿಜವಾಗಿ ಬದಲಾಗುತ್ತಾ ಇರಬೇಕಾದ ಪುಟ ನಿಮ್ಮಲ್ಲಿ ಒಂದಿದೆ. ‘ಈ ತಿಂಗಳು ಬಂದರೆ ಏನಿದೆ’ ಎನ್ನುವ ಪುಟ. ನಿಮ್ಮ ಸೀಮೆಯ ತಿಂಗಳುಗಳು ಒಂದರಂತೆ ಒಂದಿಲ್ಲ. ಜನವರಿ ದಾಟಿದರೆ ಆಲೆಮನೆ, ಬಿಸಿ ಜೋನಿಬೆಲ್ಲ, ತೊಡದೇವು. ಶಿವರಾತ್ರಿಗೆ ಸಹಸ್ರಲಿಂಗದಲ್ಲಿ ಜನಜಾತ್ರೆ. ಆ ಹೊತ್ತಿಗೆ ಅಪ್ಪೆಮಿಡಿ ಬರಲು ಶುರು, ಮನೆಮನೆಯಲ್ಲೂ ಉಪ್ಪಿನಕಾಯಿ ಭರಣಿ ಹೊರಗೆ ಬರುತ್ತೆ. ಮುಂಗಾರಿಗೆ ಸ್ವಲ್ಪ ಮೊದಲು ತೋಟದಲ್ಲಿ ಮಿಂಚುಹುಳು. ಜುಲೈನಿಂದ ಜೋಗ, ಉಂಚಳ್ಳಿ ತುಂಬಿ ಸುರಿಯುತ್ತವೆ. ಆದರೆ ಹಳ್ಳದ ದಾರಿಯ ಕೆಲವು ಜಾಗಗಳಿಗೆ ಹೋಗುವ ಹಾಗಿಲ್ಲ, ಅದನ್ನೂ ಬರೆಯಬೇಕು. ಇದನ್ನು ಒಮ್ಮೆ ಹನ್ನೆರಡು ತಿಂಗಳಿಗೂ ಬರೆದಿಟ್ಟರೆ ಆಯಿತು. ಪ್ರತಿ ತಿಂಗಳ ಮೊದಲ ವಾರ ಆ ತಿಂಗಳದ್ದನ್ನು ಮೇಲಕ್ಕೆ ತಂದು, ಈ ವರ್ಷದ ಎರಡು ಸಾಲು, ನಿನ್ನೆ ಮೊನ್ನೆ ತೆಗೆದ ಒಂದು ಫೋಟೋ ಸೇರಿಸಿ. ಇಪ್ಪತ್ತು ನಿಮಿಷದ ಕೆಲಸ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ ಅದರ ತಾರೀಕು ಮಾತ್ರ ನೆನಪಿಟ್ಟು ಬದಲಿಸಿ. ಕಳೆದ ಜಾತ್ರೆಯ ತಾರೀಕು ನೋಡಿ ರಜೆ ಹಾಕಿದವರನ್ನು ಸಮಾಧಾನ ಮಾಡುವುದು ಕಷ್ಟ.

ರೇಟಿನ ಪುಟವನ್ನೂ ಒಮ್ಮೆ ತೆಗೆದು ನೋಡಿ. ನೀವು ಜಿಎಸ್‌ಟಿ ಹಾಕುವವರಾದರೆ, ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಇನ್ನೂ ‘12% ಪ್ರತ್ಯೇಕ’ ಎಂದು ಬರೆದಿದ್ದರೆ ನೋಡಿದವರಿಗೆ ಎರಡು ಅನುಮಾನ ಬರುತ್ತದೆ. ಒಂದೋ ಇವರು ಹೋಮ್‌ಸ್ಟೇ ಮುಚ್ಚಿದ್ದಾರೆ, ಇಲ್ಲವೇ ಜಾಸ್ತಿ ಕೀಳುತ್ತಿದ್ದಾರೆ.

ಇನ್ನು ಆ ಇಪ್ಪತ್ತು ಲೇಖನ. ಸರ್ಚ್ ಕನ್ಸೋಲ್ ಎಂದು ಗೂಗಲ್‌ನದೇ ಪುಕ್ಕಟೆ ಸಲಕರಣೆ ಇದೆ. ಜನ ಏನು ಹುಡುಕಿ ನಿಮ್ಮ ಯಾವ ಪುಟಕ್ಕೆ ಬಂದರು ಎನ್ನುವುದನ್ನು 16 ತಿಂಗಳ ಹಿಂದಿನವರೆಗೂ ತೋರಿಸುತ್ತದೆ. ಲೇಖನ ಬರೆಯುವವರಿಗೇ ಅದನ್ನು ತೆಗೆದು ತೋರಿಸಲು ಹೇಳಿ. ಯಾರೂ ಬಾರದ ಲೇಖನಗಳಲ್ಲಿ ಕೆಲಸಕ್ಕೆ ಬರುವ ಸಾಲು ಇದ್ದರೆ ಆ ತಿಂಗಳ ಪುಟಕ್ಕೆ ಸೇರಿಸಿ, ಉಳಿದದ್ದು ತೆಗೆದುಹಾಕಿ. ಕಸ ಗುಡಿಸುವುದೂ ಅಪ್‌ಡೇಟೇ.

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ನಮ್ಮದು ಖಾರದ ಪುಡಿ, ಮಸಾಲೆ ಪುಡಿ ಮಾಡುವ ಸಣ್ಣ ಘಟಕ. ಅಪ್ಪಾಜಿ ಹನ್ನೆರಡು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಸಿದ್ದರು. ಮೊಬೈಲ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತವೆ. ಕೆಲವು ಪುಟ ಸರಿ ಕಾಣುತ್ತೆ, ಆದರೆ ಅವು ಚಿತ್ರಗಳು. ಮೆಣಸಿನಕಾಯಿ ದರವೂ ಏರಿಳಿಯುತ್ತಲೇ ಇರುತ್ತೆ. ಎಲ್ಲಿಂದ ಶುರು ಮಾಡಲಿ?

ಅಕ್ಷರದಿಂದ.

ಅದು ನುಡಿ ಅಥವಾ ಅದರಂಥ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಕಾಲದಲ್ಲಿ ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದದ್ದು ಫಾಂಟು. ಫಾಂಟ್ ಇಲ್ಲದ ಮೊಬೈಲಿನಲ್ಲಿ ವೇಷ ಕಳಚಿ ಬೀಳುತ್ತದೆ. ‘ಕನ್ನಡ’ ಎಂದು ಬರೆದದ್ದು ಪಿ, ಪೌಂಡ್ ಗುರುತು, ಕ್ಯೂ ಎಲ್ಲ ಸೇರಿದ ಕಲಸುಮೇಲೋಗರ ಆಗುತ್ತದೆ. ಗೂಗಲ್ ಓದುವುದೂ ಅದನ್ನೇ. ‘ಬ್ಯಾಡಗಿ ಮೆಣಸಿನಪುಡಿ’ ಎಂದು ಕನ್ನಡದಲ್ಲಿ ಹುಡುಕಿದರೆ ನಿಮ್ಮ ಪುಟ ಸಿಗುವ ದಾರಿಯೇ ಇಲ್ಲ. ಅದು ಹನ್ನೆರಡು ವರ್ಷದಿಂದ ಕನ್ನಡದಲ್ಲಿ ಇರಲೇ ಇಲ್ಲ ಎಂದು ತಿಳಿಯಿರಿ.

ಈಗಿನ ಮೊಬೈಲ್, ಕಂಪ್ಯೂಟರುಗಳಿಗೆ ಯೂನಿಕೋಡ್ ಬೇಕು, ಅಂದರೆ ಕನ್ನಡದ ಅಕ್ಷರ ಕನ್ನಡದ್ದಾಗಿಯೇ ಒಳಗೆ ಉಳಿಯುವ ವ್ಯವಸ್ಥೆ. ಹಳೇ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದು ಮಾಮೂಲು. ಚಿತ್ರ ಮಾಡಿ ಹಾಕಿದ ಬರಹವನ್ನು ಹೊಸದಾಗಿ ಟೈಪ್ ಮಾಡಿಸುವುದೇ ಒಳ್ಳೆಯದು. ಚಿತ್ರದಲ್ಲಿರುವ ಮಾತನ್ನು ಗಿರಾಕಿ ನಕಲು ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಲಾರ, ಸಣ್ಣ ಪರದೆಯಲ್ಲಿ ಓದಲೂ ಆಗದು. ನೀವೂ ಅದರಲ್ಲಿ ಒಂದು ಅಂಕಿ ಬದಲಿಸಬೇಕಾದರೆ ಡಿಸೈನ್ ಮಾಡಿದವನನ್ನು ಹುಡುಕಿಕೊಂಡು ಹೋಗಬೇಕು. ಹೀಗಾಗಿಯೇ ಹಳೇ ದರ ಹಳೇ ದರವಾಗಿ ಉಳಿಯುವುದು.

ದರದ ಮಾತಿಗೆ ಬಂದರೆ, ಬ್ಯಾಡಗಿ ಮಾರುಕಟ್ಟೆಯ ಏರಿಳಿತವನ್ನು ವೆಬ್‌ಸೈಟಿನಲ್ಲಿ ಹಿಡಿಯಲು ಹೋಗಬೇಡಿ. ಸಗಟು ಕೊಳ್ಳುವವರು ಹೇಗೂ ಕರೆ ಮಾಡಿಯೇ ಮಾಡುತ್ತಾರೆ. ‘ಸಗಟು ದರಕ್ಕೆ ಕರೆ ಮಾಡಿ’ ಸಾಕು. ಪೊಟ್ಟಣದ ದರ ಮಾತ್ರ ಬರೆಯಿರಿ, ಪಕ್ಕದಲ್ಲೇ ‘ಇಂಥ ತಾರೀಕಿನ ದರ’ ಎಂದು ಹಾಕಿ. ಮುಖ್ಯವಾದದ್ದು, ದರ ಒಂದೇ ಪುಟದಲ್ಲಿ ಇರಲಿ. ಮುಖಪುಟದಲ್ಲಿ ಒಮ್ಮೆ, ಬ್ಯಾನರಿನಲ್ಲಿ ಒಮ್ಮೆ, ಕೆಳಗೆ ಒಮ್ಮೆ ಹಾಕಿದರೆ ಬದಲಿಸುವಾಗ ಒಂದು ಕಡೆ ಮರೆತೇ ಮರೆಯುತ್ತೀರಿ. ಗಿರಾಕಿಗೆ ಕಣ್ಣಿಗೆ ಬೀಳುವುದು ಅದೇ ಕಡಿಮೆ ದರ.

ಇನ್ನೆರಡು ಸಣ್ಣ ಮಾತು. ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ನಂಬರನ್ನು ಈಗಿನ ಪೊಟ್ಟಣದ ಜೊತೆ ಹೋಲಿಸಿ ನೋಡಿ. ಫೋಟೋದಲ್ಲಿರುವ ಪೊಟ್ಟಣವೂ ಈಗಿನದೇ ಆಗಿರಲಿ. ಹಸಿರು ಪೊಟ್ಟಣ ನೋಡಿ ತರಿಸಿದವರಿಗೆ ಕೆಂಪು ಪೊಟ್ಟಣ ಹೋದರೆ, ಮಾಲು ಅದೇ ಆದರೂ, ಡುಪ್ಲಿಕೇಟ್ ಅನ್ನುತ್ತಾರೆ.

ಇದೆಲ್ಲ ಯಾವಾಗ ನೋಡುವುದು ಎನ್ನುತ್ತೀರಾ? ನಿಮ್ಮ ಕಡೆ ಅಂಗಡಿಗಳಲ್ಲಿ ಪ್ರತಿ ಅಮಾವಾಸ್ಯೆಗೆ ಪೂಜೆ ಇರುತ್ತದಲ್ಲ. ಅಂಗಡಿ ಗುಡಿಸಿ, ತೊಳೆದು, ಹಳೇ ಹೂ ತೆಗೆದು ಹೊಸ ಹಾರ ಹಾಕುತ್ತೀರಿ. ಅವತ್ತೇ ಮೊಬೈಲ್ ತೆಗೆದು ವೆಬ್‌ಸೈಟನ್ನು ಗಿರಾಕಿಯ ಹಾಗೆ ಒಂದು ಸುತ್ತು ನೋಡಿ. ಫೋನ್ ನಂಬರ್ ಒತ್ತಿದರೆ ನಿಮಗೇ ಕರೆ ಬರುತ್ತಾ? ಗೂಗಲ್ ಮ್ಯಾಪ್‌ನಲ್ಲಿ ಇರುವ ನಂಬರ್, ಸಮಯ, ವಾರದ ರಜೆ ಎಲ್ಲ ಇದಕ್ಕೆ ಹೊಂದುತ್ತಾ? ವಿಚಾರಣೆಯ ಫಾರ್ಮ್ ತುಂಬಿ ಕಳಿಸಿದರೆ ಯಾರ ಇಮೇಲ್‌ಗೆ ಹೋಗುತ್ತೆ? ಈ ಕೊನೆಯದರಲ್ಲಿ ಎಷ್ಟು ವ್ಯಾಪಾರ ಹಾಳಾಗುತ್ತೆ ಎಂದರೆ, ಕೆಲಸ ಬಿಟ್ಟು ಹೋದ ಹುಡುಗನ ಇಮೇಲ್‌ನಲ್ಲಿ ವರ್ಷಗಟ್ಟಲೆ ಆರ್ಡರ್ ಬಿದ್ದಿದ್ದನ್ನು ನಾನೇ ನೋಡಿದ್ದೇನೆ.

ಪ್ರಶ್ನೆ: ಎಷ್ಟು ವರ್ಷಕ್ಕೊಮ್ಮೆ ಡಿಸೈನ್ ಬದಲಿಸಬೇಕು?

ವರ್ಷದ ಲೆಕ್ಕ ಇಲ್ಲ. ಮೊಬೈಲ್‌ನಲ್ಲಿ ಓದಲು ಕಷ್ಟವಾದರೆ, ತೆರೆಯಲು ತಡವಾದರೆ, ವಿಳಾಸದ ಪಕ್ಕ ‘ಸುರಕ್ಷಿತವಲ್ಲ’ ಎಂದು ಬಂದರೆ ಇವತ್ತೇ ರಿಪೇರಿ ಮಾಡಿಸಿ. ಬಹಳ ಸಲ ತಡವಾಗುವುದಕ್ಕೆ ಕಾರಣ ಮೊಬೈಲಿನಿಂದ ನೇರ ಹಾಕಿದ ಭಾರೀ ಫೋಟೋಗಳು. ಅವನ್ನು ಚಿಕ್ಕದು ಮಾಡಿದರೆ ಸಾಕು. ಬಣ್ಣ ಬೇಜಾರಾಯಿತು ಎಂದು ಬದಲಿಸಬೇಡಿ. ದಿನಾ ನೋಡುವವರು ನೀವು, ಗಿರಾಕಿ ನೋಡುವುದು ಒಂದೇ ಸಲ.

ಪ್ರಶ್ನೆ: ನಾನು ಮೈಸೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಗೂಗಲ್ ಪುಕ್ಕಟೆ ಕೊಟ್ಟಿದ್ದ ವೆಬ್‌ಸೈಟ್ ತೆರೆಯುತ್ತಲೇ ಇಲ್ಲ. ವಿಸಿಟಿಂಗ್ ಕಾರ್ಡ್, ಅಂಗಡಿ ಬೋರ್ಡ್ ಎಲ್ಲದರಲ್ಲೂ ಆ ವಿಳಾಸವೇ ಇದೆ. ಹಾಳಾಗಿದ್ದು ನನ್ನ ತಪ್ಪಿನಿಂದಲಾ?

ಅಲ್ಲ ಅಕ್ಕ. ವಿಳಾಸದ ಕೊನೆಗೆ ‘ಬಿಸಿನೆಸ್ ಡಾಟ್ ಸೈಟ್’ ಇದ್ದ ಆ ಪುಟಗಳನ್ನೆಲ್ಲ ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆ ವರ್ಷದ ಜೂನ್ 10ರವರೆಗೆ ಹಳೇ ವಿಳಾಸ ಒತ್ತಿದವರನ್ನು ನಿಮ್ಮ ಮ್ಯಾಪ್ ಪ್ರೊಫೈಲ್‌ಗೆ ಕಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ನಿಮ್ಮ ಪ್ರೊಫೈಲ್, ಫೋಟೋಗಳು, ಜನ ಬರೆದ ಅಭಿಪ್ರಾಯಗಳು ಅದರ ಜೊತೆ ಹೋಗಲಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರು ಹಾಕಿ ನೋಡಿ. ಅಲ್ಲಿ ವೆಬ್‌ಸೈಟ್ ಎನ್ನುವ ಕಡೆ ಇನ್ನೂ ಹಳೇ ವಿಳಾಸ ಇದ್ದರೆ ಅಳಿಸಿ. ಹಳೇ ಪುಟದ ಬರಹ ಬೇಕೆಂದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ವಿಳಾಸ ಹಾಕಿ ಹುಡುಕಿ. ಅದೃಷ್ಟ ಇದ್ದರೆ ನಕಲು ಸಿಗುತ್ತೆ.

ಬೋರ್ಡಿಗೆ ಈಗಲೇ ಪೇಂಟರ್ ಕರೆಸಬೇಡಿ. ಮೊದಲು ನಿಮ್ಮದೇ ಹೆಸರಿನಲ್ಲಿ ಒಂದು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಕೊಳ್ಳಿ. ಸದ್ಯಕ್ಕೆ ಅದನ್ನು ಒತ್ತಿದರೆ ನಿಮ್ಮ ಇನ್‌ಸ್ಟಾಗ್ರಾಂ ಪುಟವೇ ತೆರೆಯುವ ಹಾಗೆ ಮಾಡಿಸಿದರೂ ನಡೆಯುತ್ತದೆ. ನಾಳೆ ವೆಬ್‌ಸೈಟ್ ಮಾಡಿಸಿದಾಗ ಅದೇ ವಿಳಾಸ ಅಲ್ಲಿಗೆ ತಿರುಗುತ್ತದೆ, ಬೋರ್ಡು ಬದಲಿಸಬೇಕಾಗಿಲ್ಲ.

ಪ್ರಶ್ನೆ: ನಮ್ಮ ಕೇಟರಿಂಗ್ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಈಗ ಫೋನ್ ಎತ್ತುವುದಿಲ್ಲ. ಪಾಸ್‌ವರ್ಡ್ ಎಲ್ಲ ಅವನ ಹತ್ತಿರ. ಮೆನು ಬದಲಿಸಬೇಕು. ಏನು ಮಾಡಲಿ?

ಮೆನು ಆಮೇಲೆ. ಮೊದಲು ಡೊಮೇನ್ ಯಾರ ಹೆಸರಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತೆ ನೋಡಿ. ‘ಹೂಈಸ್’ ಎನ್ನುವ ಹುಡುಕಾಟದಲ್ಲಿ ನಿಮ್ಮ ವಿಳಾಸ ಹಾಕಿದರೆ ಮಾಲೀಕರ ಹೆಸರು ಮುಚ್ಚಿರಬಹುದು. ಆದರೆ ಯಾವ ಕಂಪನಿಯಲ್ಲಿ ಕೊಂಡದ್ದು, ಕೊನೆಯ ತಾರೀಕು ಯಾವುದು ಎನ್ನುವುದು ಸಾಮಾನ್ಯವಾಗಿ ಕಾಣುತ್ತದೆ. ಡಾಟ್ ಕಾಂ ಆದರೆ ಅವಧಿ ಮುಗಿದ ಮೇಲೂ ಕೆಲವು ದಿನ ಮಾಮೂಲಿ ದುಡ್ಡಿಗೆ ನವೀಕರಿಸಲು ಬಿಡುತ್ತಾರೆ. ಎಷ್ಟು ದಿನ ಎನ್ನುವುದು ಆ ಕಂಪನಿಗೆ ಬಿಟ್ಟದ್ದು. ಆಮೇಲೆ 30 ದಿನ, ಜಾಸ್ತಿ ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ಅದೂ ಕಳೆದರೆ ಮತ್ತೈದು ದಿನಕ್ಕೆ ಆ ಹೆಸರು ಸಂತೆಗೆ ಬಂದ ಹಾಗೆ, ಯಾರು ಬೇಕಾದರೂ ಕೊಳ್ಳಬಹುದು. ಮದುವೆ ಊಟದ ಮೆನು ಇದ್ದ ಜಾಗದಲ್ಲಿ ಜೂಜಿನ ಜಾಹೀರಾತು ಬಂದದ್ದನ್ನು ಈ ಕೆಲಸದಲ್ಲಿರುವವರು ಎಲ್ಲರೂ ನೋಡಿರುತ್ತಾರೆ.

ಹುಡುಗನಿಗೆ ವಾಟ್ಸ್ಆ್ಯಪ್ ಮೆಸೇಜಿನ ಬದಲು ಒಂದು ಇಮೇಲ್ ಕಳಿಸಿ. ಕೇಳಬೇಕಾದದ್ದು ನಾಲ್ಕು: ಡೊಮೇನ್ ಖಾತೆ, ಹೋಸ್ಟಿಂಗ್ (ವೆಬ್‌ಸೈಟಿನ ಫೈಲುಗಳನ್ನು ಇಟ್ಟಿರುವ ಜಾಗದ) ಖಾತೆ, ವೆಬ್‌ಸೈಟಿನ ಅಡ್ಮಿನ್ ಲಾಗಿನ್, ಪೂರ್ತಿ ಬ್ಯಾಕಪ್. ಬಾಕಿ ದುಡ್ಡು ಏನಾದರೂ ಇದೆಯಾ ಎಂದೂ ಕೇಳಿ. ಫೋನ್ ಎತ್ತದಿರಲು ಕೆಲವು ಸಲ ಅದೇ ಕಾರಣ, ಬೇಜಾರು ಮಾಡಿಕೊಳ್ಳಬೇಡಿ. ಆಗಲೂ ಉತ್ತರ ಬರದಿದ್ದರೆ ಡೊಮೇನ್ ಕಂಪನಿಯ ಕಸ್ಟಮರ್ ಕೇರ್‌ಗೆ ನೀವು ದುಡ್ಡು ಕಟ್ಟಿದ ರಸೀದಿ, ವ್ಯಾಪಾರದ ದಾಖಲೆ ಇಟ್ಟುಕೊಂಡು ಮಾತಾಡಿ. ನೋಂದಣಿ ನಿಮ್ಮ ಹೆಸರಿನಲ್ಲೇ ಇದ್ದರೆ ಕೆಲಸ ಸುಲಭ. ಅವನ ಹೆಸರಿನಲ್ಲಿದ್ದರೆ ಅವನು ಒಪ್ಪಬೇಕು, ಇಲ್ಲವಾದರೆ ದಾರಿ ಉದ್ದ.

ಖಾತೆ ಕೈಗೆ ಬಂದ ದಿನವೇ ಪಾಸ್‌ವರ್ಡ್ ಬದಲಿಸಿ. ನಿಮ್ಮ ವೆಬ್‌ಸೈಟ್ ವರ್ಡ್‌ಪ್ರೆಸ್ ಎನ್ನುವ ತಂತ್ರಾಂಶದಲ್ಲಿ ಮಾಡಿದ್ದಾದರೆ ಬ್ಯಾಕಪ್ ತೆಗೆದು, ಉಪಯೋಗಿಸದ ಪ್ಲಗಿನ್‌ಗಳನ್ನು (ಅದಕ್ಕೆ ಸೇರಿಸಿದ ಸಣ್ಣ ತಂತ್ರಾಂಶಗಳನ್ನು) ಕಿತ್ತು, ಉಳಿದವನ್ನು ಅಪ್‌ಡೇಟ್ ಮಾಡಿಸಿ. ಕಳ್ಳರು ಜಾಸ್ತಿ ನುಗ್ಗುವುದು ಹಳೇ ಪ್ಲಗಿನ್‌ಗಳಿಂದಲೇ. ನವೀಕರಣದ ಸಂದೇಶ ಬರುವ ಇಮೇಲ್ ನಿಮ್ಮದೇ ಇರಲಿ, ಮಗನ ಕಾಲೇಜಿನ ಇಮೇಲ್ ಬೇಡ.

ಅಷ್ಟೆಲ್ಲ ಆದ ಮೇಲೆ ಮೆನು. ಅದನ್ನೂ ಪಿಡಿಎಫ್ ಮಾಡಿ ಹಾಕಬೇಡಿ, ಪುಟದಲ್ಲೇ ಟೈಪ್ ಮಾಡಿ. ಹೋಳಿಗೆಗೆ ಎಲೆಗೆ ಎಷ್ಟು, ಎಷ್ಟು ಜನರಿಂದ ಮೇಲಕ್ಕೆ ಒಪ್ಪುತ್ತೀರಿ, ಪಾತ್ರೆ, ಬಡಿಸುವವರು ಸೇರಿದ್ದಾ ಬೇರೆಯಾ, ಇಷ್ಟನ್ನು ಮೇಲೆಯೇ ಬರೆಯಿರಿ. ಮದುವೆ ಮನೆಯವರು ಮೊದಲು ಕೇಳುವುದು ಅದನ್ನೇ.